ಗುರುಪಾದ ಕಾಕಾನ ಅರುಹು ಪೆಟ್ಟಿಗೆ

"ಎಲ್ಲಾರೂ ಹಿಂದ್ ಸರೀರಿ! ಯಾರೂ ಮುಟ್ಟಬ್ಯಾಡ್ರಿ!" ಎಂದು ಗುರುಪಾದ ಕಾಕಾ ಕೂಗಿದ.

ಯಾರೂ ಮುಂದೆ ಬಂದಿರಲಿಲ್ಲ. ಕಟ್ಟೆಯ ಮೇಲಿದ್ದವರು ನಾನು, ಕಾಕಾನ ಹೆಂಡತಿ ಕಾಕು ಮತ್ತು ಎದುರುಮನೆಯ ಹೊಂಬಳ ಮಾಸ್ತರು. ಮಾಸ್ತರು ನಿವೃತ್ತರು. ಹಾಗಾಗಿ ಯಾವ ಪ್ರದರ್ಶನವನ್ನೂ ತಪ್ಪಿಸುವುದಿಲ್ಲ.

ಮೇಜಿನ ಮೇಲಿದ್ದದ್ದು ಕಾಕುವಿನ ರೊಟ್ಟಿ ಡಬ್ಬಿ. ಅದಕ್ಕೆ ಈಗ ಎರಡು ಎಣ್ಣೆ ಲಾಳಿಕೆಗಳ ಕಿವಿ, ಹಳೆಯ ರೇಡಿಯೋದ ಬಾಯಿ, ಗೋಡೆಯ ಪ್ಲಗ್ಗಿನವರೆಗೆ ಉದ್ದನೆಯ ಬಾಲ.

"ಇದರ ಹೆಸರು ಅರುಹು ಪೆಟ್ಟಿಗಿ," ಎಂದ ಕಾಕಾ. "ಮಂದಿ ದಿನಾ ಸಣ್ಣ ಸಣ್ಣ ಶೋಧ ಮಾಡ್ತಾರ. ಮಾಡಿ ತಮ್ಮ ಹೊಟ್ಯಾಗ ಇಟ್ಕೊಂಡು ಸಾಯ್ತಾರ. ಇನ್ನ ಹಂಗಿಲ್ಲ! ಓಣ್ಯಾಗ ಯಾರ್ ಏನ್ ಕಂಡುಹಿಡದ್ರೂ ಈ ಪೆಟ್ಟಿಗಿ ಕೇಳಿಸ್ಕೊಂಡು ಎಲ್ಲಾರ ಫೋನಿಗೂ ಹಂಚತೈತಿ!"

"ನನ್ನ ರೊಟ್ಟಿ ಡಬ್ಬಿ ಯಾರ್ ಕದ್ದಾರ ಅನ್ನೂದನ್ನ ಮೊದಲ ಹಂಚಲಿ," ಎಂದಳು ಕಾಕು.

ಕಾಕು ಖಾನಾವಳಿ ನಡೆಸುತ್ತಾಳೆ. ಸರಕಾರಿ ನೌಕರಿಯ ಪರೀಕ್ಷೆಗೆ ಓದಲು ಧಾರವಾಡಕ್ಕೆ ಬಂದವರು ಅಲ್ಲಿ ಉಣ್ಣುತ್ತಾರೆ. ಪಾಸಾದವರು ಹೋಗುತ್ತಾರೆ, ಆಗದವರು ಉಣ್ಣುತ್ತಲೇ ಇರುತ್ತಾರೆ. ನಾನು ಎರಡನೆಯ ಗುಂಪಿನವನು. ಕಾಕಾನ ಅಣ್ಣನ ಮಗನಾದ್ದರಿಂದ ಪುಕ್ಕಟೆ ಉಣ್ಣುತ್ತೇನೆ. ಈಗೀಗ ಉಣ್ಣುವವರಿಗೆ ಕೂರಲು ಜಾಗ ಸಾಲುತ್ತಿಲ್ಲ. ಪಡಸಾಲೆಯ ಪಕ್ಕದ ಖೋಲಿಯಲ್ಲಿ ಮಾತ್ರ ಕಾಕಾನ ತಂತಿ, ಮೋಟಾರು, ಹೊಟ್ಟೆ ಬಿಚ್ಚಿದ ಟಿವಿಗಳು ಕಾಲು ಚಾಚಿ ಮಲಗಿವೆ. ಕಾಕುವಿನ ಕಣ್ಣು ಆ ಖೋಲಿಯ ಮೇಲಿತ್ತು.

"ಅಮಾಸಿ ತನಕ ತಡೀತೀನಿ," ಎಂದಳು. "ಅಷ್ಟರಾಗ ಈ ಪೆಟ್ಟಿಗಿ ನನಗ ಉಪಯೋಗ ಆಗೂವಂಥಾದ್ದು ಒಂದರ ಹೇಳಬೇಕು. ಇಲ್ಲಂದ್ರ ಗುಜರಿ ದಾವಲಸಾಬನ್ನ ಕರಿಸಿ ಖೋಲಿ ಖಾಲಿ ಮಾಡಸ್ತೀನಿ. ಪೆಟ್ಟಿಗಿ ಸಮೇತ!"

"ಒಂದ್ಯಾಕ, ನೂರು ಹೇಳತೈತಿ!" ಎಂದು ಕಾಕಾ ಸ್ವಿಚ್ ಒತ್ತಿದ.

ಪೆಟ್ಟಿಗೆ ಗಂಟಲು ಸರಿಮಾಡಿಕೊಂಡಿತು. ಅದರ ಬಾಯಿ ರೇಡಿಯೋದ್ದಾದ್ದರಿಂದ ಮಾತೂ ವಾರ್ತೆಯ ಭಾಷೆಯದೇ. "ಸಣ್ಣ ಶೋಧ. ಫೋನನ್ನು ಸ್ಟೀಲಿನ ಲೋಟದೊಳಗೆ ಇಟ್ಟರೆ ಹಾಡು ಜೋರಾಗಿ ಕೇಳಿಸುತ್ತದೆ."

ಮಾಸ್ತರು ಇಟ್ಟು ನೋಡಿದರು. ಜೋರಾಗಿ ಕೇಳಿಸಿತು! ಕಾಕಾ ಮೀಸೆ ತಿರುವಿದ.

ಸಂಜೆ ಊಟದ ಹೊತ್ತಿಗೆ ಖಾನಾವಳಿಯ ಎಲ್ಲ ಲೋಟಗಳಲ್ಲೂ ಫೋನುಗಳಿದ್ದವು. ಎಲ್ಲ ಫೋನುಗಳಲ್ಲೂ ಬೇರೆ ಬೇರೆ ಹಾಡುಗಳಿದ್ದವು.

"ಕಾಕು, ನೀರು ಯಾವುದರಾಗ ಕುಡೀಬೇಕ್ರಿ?" ಎಂದು ಒಬ್ಬ ಅರಚಿದ.

"ಫೋನಿನಾಗ ಕುಡಿ!" ಎಂದು ಕಾಕು ತಿರುಗಿ ಅರಚಿದಳು.

ಮರುದಿನ ನನ್ನ ಪಾಳಿ. ಗ್ರಂಥಾಲಯದಲ್ಲಿ ನಿಘಂಟುಗಳ ಕಪಾಟಿನ ಹಿಂದೆ ನನ್ನದೊಂದು ಕುರ್ಚಿಯಿದೆ. ತಲೆಯ ಮೇಲೆ ತಿರುಗುವ ಫ್ಯಾನು, ಪಕ್ಕದಲ್ಲಿ ಕರೆಂಟಿರುವ ಪ್ಲಗ್ಗು. ಇವೆರಡೂ ಒಟ್ಟಿಗೆ ಇರುವ ಜಾಗ ಇಡೀ ಕಟ್ಟಡದಲ್ಲಿ ಅದೊಂದೇ. ಅಂದು ಅಲ್ಲಿಗೆ ಹೋದರೆ ಕುರ್ಚಿಯ ಮೇಲೆ ಇಬ್ಬರು, ಕುರ್ಚಿಯ ಕೈಗಳ ಮೇಲೆ ಇಬ್ಬರು, ಉಳಿದವರು ಸರದಿಯಲ್ಲಿ!

"ಯಾರ್ ಹೇಳಿದ್ರೋ ನಿಮಗ?"

"ನಿಮ್ಮ ಕಾಕಾನ ಪೆಟ್ಟಿಗಿ, ದೋಸ್ತ. ಭಾಳ ಉಪಕಾರಾತು. ಹಿಂದ್ ಹೋಗಿ ನಿಂದ್ರು."

ಮನೆಗೆ ಬಂದು ಜಗಳಕ್ಕೆ ನಿಂತೆ. ಕಾಕಾ ಸಂತನಂತೆ ನಕ್ಕ. "ಜ್ಞಾನ ಹಂಚಿದಷ್ಟೂ ಹೆಚ್ಚತೈತಿ, ತಮ್ಮಾ."

"ಜ್ಞಾನ ಹೆಚ್ಚತೈತಿ. ಕುರ್ಚಿ ಹೆಚ್ಚಂಗಿಲ್ಲ ಕಾಕಾ!"

ಕಾಕುವಿಗೆ ಈ ವಾದದಲ್ಲಿ ಆಸಕ್ತಿ ಇರಲಿಲ್ಲ. "ನನಗೇನ್ ಉಪಯೋಗಾತು?" ಎಂದಷ್ಟೇ ಕೇಳಿ ಒಳಗೆ ಹೋದಳು. ಅವಳನ್ನು ಮೆಚ್ಚಿಸಲು ಕಾಕಾ ಪೆಟ್ಟಿಗೆಗೆ ಇನ್ನೊಂದು ವಿದ್ಯೆ ಸೇರಿಸಿದ. ಓಣಿಯ ರೀತಿರಿವಾಜುಗಳ ಸ್ವಾರಸ್ಯಗಳನ್ನೂ ಅದು ಪತ್ತೆಹಚ್ಚಬೇಕು. ಪೆಟ್ಟಿಗೆ ಒಂದು ಹಗಲೆಲ್ಲ ಕಿವಿ ನಿಮಿರಿಸಿಕೊಂಡು ಕೂತು, ಆಮೇಲೆ ಸಾರಿತು:

"ಸಾಂಸ್ಕೃತಿಕ ಕೌತುಕ. ಈ ಓಣಿಯಲ್ಲಿ 'ಊಟಕ್ಕೆ ಬನ್ನಿ' ಎನ್ನುವವರು ಬರಲಿ ಎಂದು ಕರೆಯುವುದಿಲ್ಲ. 'ಈಗ ಆಯಿತು' ಎನ್ನುವವರ ಊಟ ಆಗಿರುವುದಿಲ್ಲ."

ಎಲ್ಲರಿಗೂ ಗೊತ್ತಿದ್ದ ಮಾತೇ. ಯಾರೂ ಹೇಳಿರಲಿಲ್ಲ, ಅಷ್ಟೆ.

ಮರುದಿನ ಮಧ್ಯಾಹ್ನ ಮಾಸ್ತರು ಎಂದಿನಂತೆ ಬಾಗಿಲ ಮುಂದೆ ಹಾದುಹೋದರು. ಕಾಕು ಎಂದಿನಂತೆ, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, "ಊಟಕ್ಕ ಬರ್ರಿ ಮಾಸ್ತರ," ಎಂದಳು.

"ಬಂದೆ," ಎಂದರು ಮಾಸ್ತರು!

ಬಂದವರು ಚಪ್ಪಲಿ ಬಿಟ್ಟು, ಕೈ ತೊಳೆದು, ಕೂತೇ ಬಿಟ್ಟರು. "ಇಷ್ಟ್ ವರ್ಷ ಸುಳ್ಳ ಹೇಳಿದ್ದು ಸಾಕನ್ನಿಸ್ತವ್ವಾ. ಪಲ್ಲೆ ಯಾವುದು?" ಅವರ ಹಿಂದೆ ಅವರ ತಮ್ಮ, ತಮ್ಮನ ಹೆಂಡತಿ, ಪಕ್ಕದ ಮನೆಯವರು, ಅವರ ಮನೆಗೆ ಬಂದಿದ್ದ ಬೀಗರು. ಕಾಕು ಎಂದಾದರೊಮ್ಮೆ ಇವರನ್ನೆಲ್ಲ ಕರೆದಿದ್ದಳು, ಅಲ್ಲ ಎನ್ನುವಂತಿರಲಿಲ್ಲ. ದುಡ್ಡು ಕೊಟ್ಟವರಿಗೆ ಅಂದು ಉಳಿದದ್ದು ಉಪ್ಪಿನಕಾಯಿ.

ಮಾರನೆಯ ದಿನದಿಂದ ಕಾಕು ಬಾಗಿಲು ಹಾಕಿಕೊಂಡು ರೊಟ್ಟಿ ಬಡಿದಳು. "ಬರಬರ್ತ ಸೊಕ್ಕ ಬಂದೈತಿ ಆಕಿಗೆ," ಎಂದಿತು ಓಣಿ. ಪೆಟ್ಟಿಗೆ ಅದನ್ನೂ ಹಂಚಿತು.

"ನಾಳೆ ಅಮಾಸಿ!" ಎಂದು ಕಾಕು ಲಟ್ಟಣಿಗೆ ಎತ್ತಿದಳು. "ದಾವಲಸಾಬಗ ಹೇಳಿ ಕಳಿಸೇನಿ."

ಕಾಕಾ ಮೊದಲ ಬಾರಿಗೆ ಹೆದರಿದ. "ತಪ್ಪು ಪೆಟ್ಟಿಗಿದಲ್ಲ, ಮಂದಿದು," ಎಂದು ನನ್ನ ಮುಂದೆ ಗೊಣಗಿದ. "ಮನಷ್ಯಾರ ಸುದ್ದಿನ ಬ್ಯಾಡ. ಯಂತ್ರಗಳ ಶೋಧ ಯಂತ್ರಗಳಿಗೆ ಹಂಚ್ತೀನಿ. ಕರೆಂಟ್ ಉಳಿಸೂದನ್ನ ಫ್ರಿಜ್ಜು ಮಿಕ್ಸರ್‌ಗೆ ಕಲಿಸಲಿ! ನಿಮ್ಮ ಕಾಕುಗ ಇದಕ್ಕಿಂತ ಉಪಯೋಗ ಏನ್ ಬೇಕು?" ಪೆಟ್ಟಿಗೆಯ ಕಿವಿಗಳನ್ನು ಓಣಿಯ ಕಡೆಯಿಂದ ಗೋಡೆಯೊಳಗಿನ ತಂತಿಯ ಕಡೆಗೆ ತಿರುಗಿಸಿದ.

ಬೆಳಗ್ಗೆ ಕಾಕು ಚಟ್ನಿಗೆ ಮಿಕ್ಸರ್ ಹಾಕಿದಳು. ಅದು ಒಮ್ಮೆ ಗುರ್ ಎಂದು ನಿಂತಿತು. ಕಾಕಾ ರೂಢಿಯಂತೆ ಅದರ ತಲೆಗೆ ಬಾರಿಸಲು ಕೈ ಎತ್ತಿದ.

"ಸರ್ವರ್ ಇಲ್ಲ. ನಾಳೆ ಬನ್ನಿ," ಎಂದಿತು ಪೆಟ್ಟಿಗೆ, ಮಿಕ್ಸರಿನ ಪರವಾಗಿ.

ಕಾಕಾನ ಕೈ ತಾನಾಗಿಯೇ ಕೆಳಗಿಳಿಯಿತು.

ಫ್ಯಾನು ನಿಂತಿತು. ನೀರಿನ ಮೋಟಾರು ನಿಂತಿತು. ಎದುರುಮನೆಯಲ್ಲಿ ಟಿವಿಯ ಮೇಲೆ ಅದೇ ಮಾತು ಅಕ್ಷರಗಳಲ್ಲಿ ಮೂಡಿತು. ಮಾಸ್ತರು ಅದಕ್ಕೆ ಕೈಮುಗಿದು ಹೊರಗೆ ಬಂದರಂತೆ. ಇಸ್ತ್ರಿಯವನ ಪೆಟ್ಟಿಗೆ ತಣ್ಣಗಾಯಿತು.

"ಏನ್ ಕಲಿಸಿದಿ ಇವಕ್ಕ?" ಎಂದು ಕಾಕಾ ಡಬ್ಬಿಯನ್ನು ಅಲುಗಾಡಿಸಿದ.

"ಅತ್ಯಂತ ಉಪಯುಕ್ತ ತಂತ್ರ," ಎಂದಿತು ಅದು ಹೆಮ್ಮೆಯಿಂದ. "ಓಣಿಯ ತುದಿಯ ಸರಕಾರಿ ಕಚೇರಿಯ ಕಂಪ್ಯೂಟರಿನ ಶೋಧ. ನಿಂತ ಮಿಕ್ಸರಿಗೆ ಏಟು ಬೀಳುತ್ತದೆ, ನಿಂತ ಮೋಟಾರಿಗೆ ಒದೆ ಬೀಳುತ್ತದೆ. ಆದರೆ 'ಸರ್ವರ್ ಇಲ್ಲ' ಎಂದ ಯಂತ್ರವನ್ನು ಈವರೆಗೆ ಯಾರೂ ಹೊಡೆದಿಲ್ಲ. ಜನ ಮರುಮಾತಾಡದೆ ಮನೆಗೆ ಹೋಗುತ್ತಾರೆ."

ಕಾಕಾ ಪ್ಲಗ್ಗು ಕಿತ್ತ. ಏನೂ ಆಗಲಿಲ್ಲ. ಕಲಿತ ಪಾಠ ಎಲ್ಲ ಯಂತ್ರಗಳ ಹೊಟ್ಟೆಗೂ ಇಳಿದಾಗಿತ್ತು.

ಅಷ್ಟರಲ್ಲಿ ದಾವಲಸಾಬ ಬಂದ. ಖೋಲಿಯ ಸಾಮಾನೆಲ್ಲ ಅಂಗಳಕ್ಕೆ ಬಂತು, ಮೇಲೆ ಅರುಹು ಪೆಟ್ಟಿಗೆ. ಕಾಕಾ ಕಂಬ ಹಿಡಿದು ನಿಂತಿದ್ದ. ಹೆಣ ಎತ್ತುವ ಮನೆಯವನಂತೆ ಕಾಣುತ್ತಿದ್ದ. ದಾವಲಸಾಬ ತನ್ನ ಎಲೆಕ್ಟ್ರಿಕ್ ತಕ್ಕಡಿಯನ್ನು ನಮ್ಮ ಪ್ಲಗ್ಗಿಗೆ ಚುಚ್ಚಿ, ಮೊದಲ ಮೋಟಾರು ಇಟ್ಟ. ತಕ್ಕಡಿ ಮಿನುಗಿತು. ಸರ್ವರ್ ಇಲ್ಲ. ನಾಳೆ ಬನ್ನಿ.

ದಾವಲಸಾಬ ಕಣ್ಣುಜ್ಜಿಕೊಂಡ. "ಅಕ್ಕಾರ, ಅಂದಾಜಿಗೆ ಒಯ್ಯಲೇನ್ರಿ?"

"ಅಂದಾಜಿಗೆ ನಾ ಮದುವಿ ಆಗಿದ್ದ ಸಾಕು! ತೂಗಿ ಒಯ್ಯಿ!"

"ಹಂಗಾರ ನಾಳೆ ಬರ್ತೀನ್ರಿ," ಎಂದು ದಾವಲಸಾಬ ಮರುಮಾತಾಡದೆ ಹೊರಟೇ ಹೋದ.

ಕಾಕಾನಿಗೆ ಹೋದ ಜೀವ ಬಂತು. ಹಾಡು ಗುನುಗುತ್ತ ಬಂದು ಹುಡುಗರ ಪಂಕ್ತಿಯಲ್ಲಿ ಕೂತ. "ಎರಡ್ ರೊಟ್ಟಿ ಹಾಕು. ಬದನೀಕಾಯಿ ಐತೇನು?"

ಕಾಕು ಕೈಯಲ್ಲಿದ್ದ ಸೌಟು ನೋಡಿದಳು, ಕಾಕಾನ ಮುಖ ನೋಡಿದಳು.

"ಸರ್ವರ್ ಇಲ್ಲ. ನಾಳೆ ಬರ್ರಿ."

ಕಾಕಾ ಸುಮ್ಮನೆ ಎದ್ದ. ತಾಟು ಮಗುಚಿಟ್ಟ. ಬಾಗಿಲವರೆಗೆ ಹೋದ. ಅಲ್ಲಿ ಗಕ್ಕನೆ ನಿಂತು ತಿರುಗಿದ, ಮುಖ ಅರಳಿತ್ತು!

"ಏ! ಉಪಯೋಗಾತಲ್ಲ ನಿನಗ! ಪೆಟ್ಟಿಗಿ ಹೇಳಿದ್ದು ಉಪಯೋಗಾತಲ್ಲ! ಎಲ್ಲಾರೂ ನೋಡಿರಿಲ್ಲೋ?"

ಹುಡುಗರು ನೋಡಿದ್ದರು. ಕಾಕು ಸೌಟನ್ನು ಪಾತ್ರೆಯೊಳಗೆ ಕುಕ್ಕಿದಳು. ಆದರೆ ಅವಳು ಕೊಟ್ಟ ಮಾತಿಗೆ ತಪ್ಪುವವಳಲ್ಲ.

"ಒಯ್ದು ಒಳಗ ಇಡ್ರಿ ನಿಮ್ಮ ಸಾಮಾನು. ಖೋಲಿ ನಿಮ್ಮದ."

"ಮತ್ತ ಊಟ?"

"ಆಗಳೇ ಹೇಳೇನಲ್ಲ."

ಅರುಹು ಪೆಟ್ಟಿಗೆ ಗೆದ್ದಿತೆಂದು ಒಪ್ಪಲೇಬೇಕು. ಕಾಕಾ ಅಂದು ಬಸ್ ಸ್ಟ್ಯಾಂಡ್ ಎದುರಿನ ಖಾನಾವಳಿಯಲ್ಲಿ ದುಡ್ಡು ಕೊಟ್ಟು ಉಂಡು ಬಂದ. ರೊಟ್ಟಿ ಹಸಿ ಇದ್ದವಂತೆ.