ದೊಡ್ಡ ಕಾರು, ಬ್ರೆಡ್ ವ್ಯಾನು ಮತ್ತು ಹೆಬ್ಬೆರಳುದ್ದದ ಸೆನ್ಸರ್

"ಶೋರೂಮಿನ ಮೆಟ್ಟಿಲು ಹತ್ತದೆ ಈ ಕಾರನ್ನ ಕುದುರೆ ಹಾಗೆ ಓಡಿಸ್ತೀನಿ! ಇಲ್ಲಾಂದ್ರೆ ಈ ಮೀಸೆ ಬೋಳಿಸಿ ಎಸೀತೀನಿ!"

ಸಿಡುಕಣ್ಣ ಹೀಗೆಂದು ಗುಡುಗಿದ. ಕೇಳಿಸಿಕೊಳ್ಳಲು ಮನೆಯಲ್ಲಿ ಯಾರೂ ಇರಲಿಲ್ಲ. ಅಡುಗೆಮನೆಯ ನಲ್ಲಿ ಮಾತ್ರ ತೊಟ ತೊಟ ಅಂದಿತು. "ಸುಮ್ನಿರು!" ಎಂದು ಅದನ್ನೂ ಗದರಿದ.

ಗೇಟು, ಗ್ರಿಲ್ಲು ಬೆಸೆಯುವ ವೆಲ್ಡಿಂಗ್ ಶೆಡ್ಡಿನ ಯಜಮಾನನಿಗೆ ಆ ಹೆಸರು ಬಂದದ್ದು ಕೆಲಸದ ಕಿಡಿಯಿಂದಲ್ಲ, ನಾಲಿಗೆಯ ಕಿಡಿಯಿಂದ. ಎಷ್ಟೋ ಕೈ ದಾಟಿ ಬಂದ ಐಷಾರಾಮಿ ಕಾರೊಂದನ್ನು ಅವನು ಕೊಂಡಿದ್ದ. ಹೊರಗೆ ಕನ್ನಡಿಯಂಥ ಹೊಳಪು, ಒಳಗೆ ಚರ್ಮದ ಸೀಟು. ರಾಜನ ಸವಾರಿ! ಆದರೆ ರಾಜನಿಗೆ ಮೂರ್ಛೆರೋಗ. ಎಂಜಿನ್ ಕಾದಾಗ ನಡುರಸ್ತೆಯಲ್ಲೇ ಉಸಿರು ನಿಲ್ಲಿಸಿಬಿಡುತ್ತಿತ್ತು. ತಣ್ಣಗಾದ ಮೇಲೆ ಏನೂ ಆಗಿಲ್ಲವೆಂಬಂತೆ ಎದ್ದು ಕೂರುತ್ತಿತ್ತು.

ಹೋದ ತಿಂಗಳು ಹಾಗೆ ನಿಂತಾಗ ಪಕ್ಕದಲ್ಲಿ ಹೆಂಡತಿ ಇದ್ದಳು. ಹಿಂದೆ ಹಾರ್ನುಗಳ ಮೇಳ. ಅವನ ಪಿತ್ತ ನೆತ್ತಿಗೇರಿತು.

"ಬಾಗಿಲನ್ನ ಅಷ್ಟು ಜೋರಾಗಿ ಬಡಿದ್ರೆ ಇನ್ನೇನಾಗ್ತದೆ!"

"ನಾನು ಬಡಿದಿದ್ದು ಮನೆ ಹತ್ರ. ನಿಮ್ಮ ಎಂಜಿನ್‌ಗೆ ಈಗ ನೋವು ಗೊತ್ತಾಯ್ತಾ?"

"ಎಲ್ಲಾ ನಿನ್ನ ಕಾಲ್ಗುಣ!"

ಆ ಮಾತು ಬಾಯಿಂದ ಬಿದ್ದದ್ದೇ ತಡ, ಅವಳು ಇಳಿದಳು. ಈ ಸಲ ನಿಜವಾಗಿಯೂ ಬಾಗಿಲು ಬಡಿದಳು. ಸೀದಾ ಪಕ್ಕದ ಊರಿನ ತಮ್ಮನ ಮನೆ ಸೇರಿದಳು. ಆಮೇಲೆ ಫೋನಿನಲ್ಲಿ ಒಂದೇ ಷರತ್ತು: "ನಿಮ್ಮ ರಾಜರಥ ಎಲ್ಲೂ ನಿಲ್ಲದೆ ಈ ಮನೆ ಬಾಗಿಲಿಗೆ ಬರ್ಲಿ. ಅವತ್ತು ಹತ್ತಿ ಬರ್ತೀನಿ."

ಅಂದಿನಿಂದ ಮನೆಯಲ್ಲಿ ಜಗಳಕ್ಕೂ ಜನವಿಲ್ಲ. ಒಂದು ದಿನ ತರಕಾರಿ ಚೀಲವನ್ನು ಪಕ್ಕದ ಸೀಟಿನಲ್ಲಿಟ್ಟು ಕಾರು ಹೊರಡಿಸಿದ. ಬೆಲ್ಟ್ ಹಾಕಿಲ್ಲವೆಂದು ಕಾರು ಟಿಂಗ್ ಟಿಂಗ್ ಎಂದು ಹೊಡೆದುಕೊಂಡಿತು. "ಅದು ಕುಂಬಳಕಾಯಿ ಕಣೋ!" ಎಂದು ಕೂಗಿದ. ಅದು ಕೇಳಲಿಲ್ಲ. ಕೊನೆಗೆ ಚೀಲಕ್ಕೇ ಬೆಲ್ಟ್ ಬಿಗಿದ. ಪಕ್ಕದಲ್ಲಿ ಯಾರೋ ಕೂತಿದ್ದಾರೆಂದು ಕಾರಾದರೂ ನಂಬಿತ್ತಲ್ಲ! ಅದರ ನಂಬಿಕೆ ಕೆಡಿಸಲು ಮನಸ್ಸಾಗದೆ, ಒಂದು ಸುತ್ತು ಹೆಚ್ಚಿಗೇ ಹಾಕಿಕೊಂಡು ಮನೆಗೆ ಬಂದ.

ಕೊನೆಗೆ ಒಬ್ಬ ಮೆಕ್ಯಾನಿಕ್ ಕಾರಿನ ರೋಗ ಪತ್ತೆ ಹಚ್ಚಿದ. ಕ್ರ್ಯಾಂಕ್ ಸೆನ್ಸರ್! ಎಂಜಿನ್ ತಿರುಗುತ್ತಿದೆಯೋ ಇಲ್ಲವೋ ಎಂದು ಕಾರಿನ ಕಂಪ್ಯೂಟರಿಗೆ ಚಾಡಿ ಹೇಳುವ ಹೆಬ್ಬೆರಳುದ್ದದ ತುಂಡು. ಬಿಸಿಯಾದರೆ ಅದರ ಬಾಯಿ ಕಟ್ಟುತ್ತದಂತೆ.

ಶೋರೂಮಿಗೆ ಫೋನು ಮಾಡಿದ ಸಿಡುಕಣ್ಣ, ಬೆಲೆ ಕೇಳಿ, "ನಾನು ಎಂಜಿನ್ ಕೇಳ್ಲಿಲ್ಲ ಸ್ವಾಮಿ, ಸೆನ್ಸರ್!" ಎಂದ.

ಮೆಕ್ಯಾನಿಕ್ ನಕ್ಕ. "ಇದೇ ಸೆನ್ಸರು ಸಣ್ಣ ಡೆಲಿವರಿ ವ್ಯಾನಿಗೂ ಬರ್ತದಣ್ಣ. ಅದೇ ಕಾರ್ಖಾನೆ, ಅದೇ ನಂಬರು. ಡಬ್ಬಿ, ಬೆಲೆ ಮಾತ್ರ ಬೇರೆ. ಬಿಚ್ಕೊಂಡು ಹೋಗಿ ಅಂಗಡೀಲಿ ತೋರ್ಸಿ."

ಸಿಡುಕಣ್ಣ ಬಿಚ್ಚಿದ. ಅಂಗಡಿಯವರು ಅದಲುಬದಲು ಮಾಡಿಬಿಟ್ಟರೆ? ಕೆಟ್ಟ ಸೆನ್ಸರನ್ನು ಯಾರು ಕದಿಯುತ್ತಾರೆಂದು ನೀವು ಕೇಳಬಹುದು, ಸಿಡುಕಣ್ಣ ಕೇಳಿಕೊಳ್ಳಲಿಲ್ಲ. ಕನ್ನಡಿಯ ಕೆಳಗೆ ಹೆಂಡತಿ ಬಿಟ್ಟುಹೋದ ಕೆಂಪು ಉಗುರುಬಣ್ಣವಿತ್ತು. ಸೆನ್ಸರಿನ ಮೇಲೆ ಒಂದು ಚುಕ್ಕೆ ಇಟ್ಟ. ಕೆಲಸ ಮುಗಿದರೂ ಬಾಟಲಿಯ ಮುಚ್ಚಳ ಹಾಕಲಿಲ್ಲ. ಆ ವಾಸನೆಗೆ ಕೋಣೆಯಲ್ಲಿ ಯಾರೋ ಓಡಾಡಿದಂತಾಗಿ, ಅಲ್ಲೇ ಸ್ವಲ್ಪ ಹೊತ್ತು ಕೂತ.

ಮೊದಲ ಅಂಗಡಿಯವನು ಸೆನ್ಸರ್ ನೋಡಲೇ ಇಲ್ಲ. ಸಿಡುಕಣ್ಣ ಬೆರಳಲ್ಲಿ ಗಿರಗಿರ ತಿರುಗಿಸುತ್ತಿದ್ದ ದೊಡ್ಡ ಕಾರಿನ ಕೀ ನೋಡಿ ಬೆಲೆ ಹೇಳಿದ.

"ವ್ಯಾನಿಂದು ಕೊಡ್ರೀ!"

"ವ್ಯಾನೆಲ್ಲಿದೆ ಸಾರ್?"

"ನಾನು ವ್ಯಾನಾದ್ರೂ ಇಟ್ಕೋತೀನಿ, ವಿಮಾನಾದ್ರೂ ಇಟ್ಕೋತೀನಿ! ನಿಮಗ್ಯಾಕೆ?"

ಎರಡನೆಯವನು ಪಾಪ ಸಾಧು. "ನಾಡಿದ್ದು ಬನ್ನಿ, ತರಿಸ್ಕೊಡ್ತೀನಿ" ಅಂದ. "ನಾಡಿದ್ದಿನೊಳಗೆ ನಾನೇ ಕಾರ್ಖಾನೆ ಕಟ್ತೀನಿ!" ಎಂದು ಸಿಡುಕಣ್ಣ ಹೊರಬಿದ್ದ. ಊರಲ್ಲಿ ಇದ್ದದ್ದೇ ಎರಡು ಅಂಗಡಿ. ಎರಡರ ಬಾಗಿಲನ್ನೂ ಅವನ ಬಾಯಿಯೇ ಮುಚ್ಚಿತು.

ಮರುದಿನ ಬೆಳಿಗ್ಗೆ ಮನೆ ಮುಂದೆ ಬೇಕರಿಯ ಬ್ರೆಡ್ ವ್ಯಾನು ಬಂದು ನಿಂತಿತು. ಓಡಿಸುವವನು ಹೆಂಡತಿಯ ತಮ್ಮ.

"ಭಾವಾ, ಅಕ್ಕ ಸ್ವೆಟರ್ ಕೇಳಿದ್ಲು."

"ಬೀರುವಿನಲ್ಲಿದೆ, ಹುಡುಕ್ಕೋ!"

ತಮ್ಮ ಒಳಗೆ ಹೋದ. ಸಿಡುಕಣ್ಣನ ಕಣ್ಣು ವ್ಯಾನಿನ ಮೇಲೆ ಬಿತ್ತು. ಮೆಕ್ಯಾನಿಕ್ ಹೇಳಿದ ವ್ಯಾನೇ! ಒಂದು ಬೋಲ್ಟು, ಒಂದು ಪ್ಲಗ್ಗು. ಕದಿಯುವುದಲ್ಲ, ಬದಲಾಯಿಸುವುದು! ನೆಂಟರ ನಡುವೆ ಇದಕ್ಕೆ ಸಹಕಾರ ಎನ್ನುತ್ತಾರೆ! ಅವಳು ಮನೆಗೆ ಬಂದ ಮೇಲೆ ಹೊಸದನ್ನು ತಂದು ಹಾಕಿದರಾಯಿತು. ವ್ಯಾನಿನ ಸೆನ್ಸರ್ ಅವನ ಜೇಬಿಗೆ, ಜೇಬಿನದು ವ್ಯಾನಿಗೆ.

ಸ್ವೆಟರ್ ಹಿಡಿದು ಹೊರಬಂದ ತಮ್ಮ ಒಂಥರಾ ನೋಡಿದ. "ಭಾವಾ, ಊಟಗೀಟ ಸರಿಯಾಗಿ ಮಾಡ್ತಿದ್ದೀರಾ?"

"ನನಗೇನು ಧಾಡಿ! ಹೊರಡು, ಹೊರಡು!"

ಮಧ್ಯಾಹ್ನ ರಾಜರಥ ಹೊರಟಿತು. ಎಂಜಿನ್ ಕಾದರೂ ನಿಲ್ಲಲಿಲ್ಲ! ಸಿಡುಕಣ್ಣ ಮೀಸೆ ತಿರುವಿದ, ಹಾಡು ಗುನುಗಿದ. ಅರ್ಧ ದಾರಿಯಲ್ಲಿ ನೋಡುತ್ತಾನೆ, ಬ್ರೆಡ್ ವ್ಯಾನು ಬಾನೆಟ್ ತೆರೆದು ನಿಂತಿದೆ. ತಮ್ಮನ ತಲೆ ಎಂಜಿನ್ನಿನೊಳಗೆ. ಪಕ್ಕದಲ್ಲಿ ಬ್ರೆಡ್ಡಿನ ಟ್ರೇ ಬೋರಲು ಹಾಕಿ, ತೊಡೆ ಮೇಲೆ ಬ್ಯಾಗಿಟ್ಟುಕೊಂಡು ಹೆಂಡತಿ ಕೂತಿದ್ದಾಳೆ. ಕಾರು ನಿಲ್ಲಿಸಿ ಇಳಿದ.

"ಎಲ್ಲಿಗೆ ಹೊರಟ್ರಿ?" ಎಂದಳು ಅವಳು.

"ನಿನ್ನ ಕರ್ಕೊಂಡು ಬರೋಕೆ. ನೀನೆಲ್ಲಿಗೆ?"

"ಮನೆಗೆ."

"ಮತ್ತೆ ಷರತ್ತು?"

"ಇವನು ಬಂದು ಹೇಳ್ದ. ಮೇಜಿನ ಮೇಲೆ ಎರಡು ಲೋಟ ಟೀ ಇತ್ತಂತೆ. ಒಂದು ಖಾಲಿ. ಇನ್ನೊಂದು ಮುಟ್ಟದೆ ಕೆನೆ ಕಟ್ಟಿತ್ತಂತೆ."

ಸಿಡುಕಣ್ಣ ಕಾರಿನ ಮೇಲಿಲ್ಲದ ಧೂಳನ್ನು ಅಂಗೈಯಿಂದ ಒರೆಸಿದ. "ಅದು... ಕೈಗೆ ಅಳತೆ ತಪ್ತದೆ. ಒಂದು ಲೋಟ ಮಾಡೋಕೆ ಹೋದ್ರೆ ಎರಡಾಗ್ತದೆ."

ಅಷ್ಟರಲ್ಲಿ ತಮ್ಮ ತಲೆ ಹೊರಗೆಳೆದ. "ಸಿಕ್ತು! ಈ ಸೆನ್ಸರ್ ಬೆಂದುಹೋಗಿದೆ. ಎಳೆದ್ರೆ ಎರಡು ತುಂಡು! ಅಲ್ಲಾ, ಇದ್ರ ಮೇಲೆ ಕೆಂಪು ಚುಕ್ಕೆ ಯಾಕಿದೆ?"

ಹೆಂಡತಿ ಇಸಿದುಕೊಂಡು ನೋಡಿದಳು. ತನ್ನ ಉಗುರಿನ ಪಕ್ಕ ಹಿಡಿದಳು. ಅಂಚಿನಲ್ಲಿ ಇನ್ನೂ ಒಂದಿಷ್ಟು ಹಳೇ ಬಣ್ಣ ಉಳಿದಿತ್ತು.

"ಇದು ನನ್ನ ಉಗುರುಬಣ್ಣ."

"ಯಾರಾದ್ರೂ ಕಳ್ಳರು ಬದಲಾಯಿಸಿಬಿಟ್ರೆ ಅಂತ ಗುರುತು..." ಸಿಡುಕಣ್ಣನ ದನಿ ನಲ್ಲಿಯ ಹನಿಯಷ್ಟಾಯಿತು.

"ಗುರುತು ಚೆನ್ನಾಗಿದೆ. ಕಳ್ಳ ಸಿಕ್ಕಿದ!"

ಯಾರೂ ಹೇಳುವ ಮೊದಲೇ ಅವನು ತನ್ನ ಕಾರಿನಿಂದ ಸೆನ್ಸರ್ ಬಿಚ್ಚಿ ಕೊಟ್ಟ. ವ್ಯಾನು ಗುರ್ರೆಂದು ಎದ್ದಿತು. ರಾಜರಥ ಕಲ್ಲಾಗಿ ನಿಂತಿತು. ತಮ್ಮ ತುಟಿ ಬಿಗಿಹಿಡಿದು ನಗು ನುಂಗುತ್ತಾ ವ್ಯಾನಿನ ಹಿಂದಕ್ಕೆ ಹಗ್ಗ ಕಟ್ಟಿದ.

ಸಿಡುಕಣ್ಣ ಕಾರಿನ ಬಾಗಿಲು ತೆರೆದು ಹಿಡಿದ. "ಬಾ. ಎಳ್ಕೊಂಡು ಹೋದ್ರೂ ಸೀಟು ಚರ್ಮದ್ದೇ ಅಲ್ವಾ?"

ಅವಳು ಸೀಟು ನೋಡಿದಳು, ಅವನನ್ನು ನೋಡಿದಳು. ತನ್ನ ಬ್ಯಾಗನ್ನು ಆ ಸೀಟಿನಲ್ಲಿಟ್ಟಳು. ಸ್ಟೀರಿಂಗ್ ಬಿಡಿಸಲು ಅವನು ಒಳಗೆ ಕೂತು ಕೀ ತಿರುಗಿಸಿದ್ದೇ, ಕಾರು ಟಿಂಗ್ ಟಿಂಗ್ ಎಂದಿತು. ಅವಳೇ ಬೆಲ್ಟೆಳೆದು ಬ್ಯಾಗಿಗೆ ಬಿಗಿದಳು.

"ಇದಕ್ಕೆ ಕಾಲೂ ಇಲ್ಲ, ಕಾಲ್ಗುಣವೂ ಇಲ್ಲ. ಮನೆ ತನಕ ಎಷ್ಟು ಬೇಕಾದ್ರೂ ಬೈದ್ಕೊಂಡು ಬನ್ನಿ. ನಾನು ಬ್ರೆಡ್ ವ್ಯಾನಿನಲ್ಲಿ ಬರ್ತೀನಿ."

ಬಾಗಿಲನ್ನು, ಮಲಗಿದ ಮಗುವಿರುವ ಕೋಣೆಯದೋ ಎಂಬಂತೆ, ಮೆಲ್ಲಗೆ ಮುಚ್ಚಿದಳು.

ಸಿಡುಕಣ್ಣ ಹಗ್ಗದ ಹಿಂದೆ, ಆ ಬ್ಯಾಗಿನ ಪಕ್ಕ, ತುಟಿ ಪಿಟಕ್ಕೆನ್ನದೆ ಮನೆ ತನಕ ಬಂದ.