ಬಿದ್ದರ ಎತ್ತಾವ್ರು ಯಾರು?

ಮಕ್ಕಳನ್ನು ಅಪಾಯದ ಸಾಹಸಕ್ಕೆ ಬಿಡಬೇಕೋ ಬೇಡವೋ ಎಂಬ ಜಗಳ ನಮ್ಮ ಮನೆತನದಲ್ಲಿ ಮಳೆಗಾಲದ ನೆಗಡಿ ಇದ್ದ ಹಾಗೆ. ವರ್ಷಕ್ಕೊಮ್ಮೆ ಬಂದೇ ಬರುತ್ತದೆ, ಒಬ್ಬರಿಗೆ ಬಂದರೆ ಎಲ್ಲರಿಗೂ ಹರಡುತ್ತದೆ. ಕೂಗಾಡಿ ದಣಿದ ಮೇಲೆ ಎಲ್ಲರೂ ನನ್ನ ಕಡೆ ತಿರುಗಿ, "ಕಾಕಾ, ನೀವು ಹೇಳ್ರಿ" ಅನ್ನುತ್ತಾರೆ. ಸರಿಯಾದ ಮನುಷ್ಯನನ್ನೇ ಕೇಳುತ್ತಾರೆ. ಗಜೇಂದ್ರಗಡದ ಗುಡ್ಡದಿಂದ ರೋಣದ ಹಳ್ಳದವರೆಗೆ ನಾನು ಮಾಡದ ಸಾಹಸವಿಲ್ಲ. ಅಲ್ಲ ಎನ್ನುವ ಸಾಕ್ಷಿಗಳು ಈಗ ಯಾರೂ ಉಳಿದಿಲ್ಲವಾದ್ದರಿಂದ ಧೈರ್ಯವಾಗಿಯೇ ಬರೆಯುತ್ತಿದ್ದೇನೆ. ಒಬ್ಬಳು ಇದ್ದಿದ್ದರೆ ಚೆನ್ನಾಗಿತ್ತು. ಅವಳ ಸುದ್ದಿ ಮುಂದೆ ಬರುತ್ತದೆ.

೧. ಅಜ್ಜನ ಕಾನೂನು

ನಮ್ಮದು ಗಜೇಂದ್ರಗಡದ ನೇಕಾರರ ಮನೆ. ಪಡಸಾಲೆಯಲ್ಲಿ ಕುಣಿಮಗ್ಗ, ಆ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತ ನಮ್ಮಜ್ಜ. ಮುಂಬೈ ಸರಕಾರ ಹೋಗಿ ಮೈಸೂರು ಸರಕಾರ ಬಂದ ಹೊಸತು. ನಮ್ಮ ಮನೆಯಲ್ಲಿ ಎರಡೂ ನಡೆಯುತ್ತಿರಲಿಲ್ಲ, ಅಜ್ಜನದೇ ಸರಕಾರ. "ಗುಡ್ಡ ಹತ್ತತೀನಿ" ಅಂದರೆ ಬೇರೆಯವರ ಅಜ್ಜಂದಿರು ಬ್ಯಾಡ ಅನ್ನುತ್ತಿದ್ದರು, ಇಲ್ಲವೇ ಬಡಿಗೆ ಹುಡುಕುತ್ತಿದ್ದರು. ನಮ್ಮಜ್ಜ ಲಾಳಿ ನಿಲ್ಲಿಸದೆ ಒಂದೇ ಮಾತು ಕೇಳುತ್ತಿದ್ದ: "ಹೊಣಿ ಯಾರು?"

ಹೊಣಿ ಅಂದರೆ ಜಾಮೀನು. ದೊಡ್ಡವರೊಬ್ಬರು ಮಗ್ಗದ ಮುಂದೆ ಬಂದು ನಿಂತು, "ಈ ಹುಡುಗ ಬಿದ್ದರ ನಾ ಎತ್ತತೀನಿ, ದವಾಖಾನಿಗೆ ನಾ ಒಯ್ತೀನಿ, ಇವರವ್ವನ ಬೈಗಳ ನಾ ತಿಂತೀನಿ" ಅನ್ನಬೇಕು. ಮೊದಲಿನೆರಡಕ್ಕೆ ಒಪ್ಪುವವರು ಓಣಿ ತುಂಬ ಸಿಗುತ್ತಿದ್ದರು. ಮೂರನೆಯದು ಕೇಳಿದೊಡನೆ ಎಲ್ಲರಿಗೂ ಹೊಲದ ಕೆಲಸ ನೆನಪಾಗುತ್ತಿತ್ತು.

ಗುಡ್ಡಕ್ಕೆ ಮೆಟ್ಟಿಲುಗಳಿವೆ. ಮೆಟ್ಟಿಲು ಹತ್ತುವುದು ಮುದುಕರ ಕೆಲಸ. ನನಗೆ ಹಿಂಬದಿಯ ಬಂಡೆಯೇ ಬೇಕಿತ್ತು. ಹಾಸಿಗೆಯ ಹತ್ತಿ ಹಿಂಜುವ ಪಿಂಜಾರ ಕಾಕಾ ಹೊಣಿಗೆ ಒಪ್ಪಿದ. "ನನ್ನ ಕಡೆ ಹಾಸಿಗಿ ಐತಿ. ಬಂಡೆಗಲ್ಲಿನ ಬುಡಕ ಹಾಸತೀನಿ. ಬಿದ್ದರ ಅದರ ಮ್ಯಾಲ ಬೀಳಲಿ" ಅಂದ. ಅಂದಂತೆ ಹಾಸಿದ. ನಾನು ಹತ್ತಿದೆ.

ಎಷ್ಟು ಎತ್ತರ ಎಂದರೆ, ಅಲ್ಲಿಂದ ನರಗುಂದದ ಗುಡ್ಡ ಕಾಣುತ್ತಿತ್ತು. ಆ ಎತ್ತರದಲ್ಲಿ ಒಂದು ಆಡು ತನ್ನ ಮರಿಗೆ ಮೊಲೆ ಕೊಡುತ್ತ ನಿಂತಿತ್ತು ಎಂದು ನಮ್ಮಕ್ಕ ಹೇಳುತ್ತಿದ್ದಳು. ಅಂತೂ ಅಲ್ಲಿ ನನ್ನ ಕೈಕಾಲು ಕೆಲಸ ನಿಲ್ಲಿಸಿದವು. ಕೆಳಗೆ ನೋಡಿದರೆ, ನಸುಕಿನಿಂದ ಹತ್ತಿ ಹಿಂಜಿ ದಣಿದಿದ್ದ ಕಾಕಾ ಅದೇ ಹಾಸಿಗೆಯ ಮೇಲೆ ಗೊರಕೆ ಹೊಡೆಯುತ್ತಿದ್ದ.

"ಕಾಕಾ, ಬೀಳಾಕತ್ತೀನ್ರಿ" ಅಂದೆ. ಕಾಕಾ ನಿದ್ದೆಯಲ್ಲೇ ಮಗ್ಗಲು ಬದಲಿಸಿ ನನಗೆ ಅರ್ಧ ಜಾಗ ಬಿಟ್ಟ.

ಆಗ ಬಂದವಳು ಅಕ್ಕ. ಆಗಷ್ಟೇ ಸೀರೆ ಉಡತೊಡಗಿದ್ದಳು. ಕಟ್ಟಿಗೆಯ ಹೊರೆ ಇಳಿಸಿ, ಸೀರೆ ಎತ್ತಿ ಕಟ್ಟಿ, ನನ್ನನ್ನು ದಾಟಿಕೊಂಡು ನೆತ್ತಿಯವರೆಗೆ ಹತ್ತಿದಳು, ಮನಸ್ಸಿಗೆ ಸಾಕೆನಿಸುವಷ್ಟು ಹೊತ್ತು ಗಾಳಿಗೆ ಮುಖ ಕೊಟ್ಟು ನಿಂತಳು. ಇಳಿಯುವಾಗ ನನ್ನನ್ನೂ ಕಿವಿ ಹಿಡಿದು ತಂದಳು. "ನಿನಗ ಯಾರಿದ್ರು ಹೊಣಿ?" ಎಂದು ಅಜ್ಜ ಕೇಳಿದ್ದಕ್ಕೆ, "ನಾ ಸಾಹಸ ಮಾಡಾಕ ಹೋಗಿದ್ದಿಲ್ಲ ಅಜ್ಜಾ, ಇವನ್ನ ತರಾಕ ಹೋಗಿದ್ದೆ" ಅಂದಳು. ತರಲು ಹೋಗುವವರಿಗೂ ಹೊಣಿ ಬೇಕೆಂದು ಅಜ್ಜನ ಕಾನೂನಿನಲ್ಲಿ ಇರಲಿಲ್ಲ.

ಪಿಂಜಾರ ಕಾಕಾ ಕಣ್ಣುಜ್ಜುತ್ತ ಬಂದು ನನ್ನ ಬೆನ್ನು ತಟ್ಟಿದ. "ನಾ ಎಲ್ಲಾ ನೋಡಿದ್ನಿ. ಭಾಳ ಚಲೋ ಹತ್ತಿದಿ."

೨. ರೋಣದ ಹಳ್ಳ

ರೋಣದಲ್ಲಿ ನಮ್ಮ ಸೋದರಮಾವನ ಮನೆ. ಅಲ್ಲಿಯ ಹಳ್ಳ ಬೇಸಿಗೆಯಲ್ಲಿ ಇರುವುದೇ ಇಲ್ಲ. ಮಳೆ ಹಿಡಿಯಿತೆಂದರೆ ಅದನ್ನು ಬಿಟ್ಟು ಬೇರೇನೂ ಇರುವುದಿಲ್ಲ. ದನಕಾಯುವವರು ಎಮ್ಮೆಯ ಬಾಲ ಹಿಡಿದು ದಾಟುವುದನ್ನು ಕಂಡು ನನಗೂ ದಾಟಬೇಕೆನಿಸಿತು. ಅಜ್ಜನೂ ನಮ್ಮ ಜೊತೆ ಬಂದಿದ್ದ, ಕಾನೂನನ್ನೂ ತಂದಿದ್ದ.

ಮಾವ ಮೀಸೆ ತಿರುವಿ ಹೊಣಿ ನಿಂತ. "ನಾ ಸುತ್ತು ಹಾಕಿ ಆಚಿ ದಂಡಿಗಿ ನಿಂತಿರ್ತೀನಿ. ಎಮ್ಮಿ ತರ್ತದ, ನಾ ಹಿಡಕೋತೀನಿ. ಇದರಾಗ ಏನೈತಿ?"

ನಡುಹಳ್ಳಕ್ಕೆ ಹೋದ ಎಮ್ಮೆಗೆ ನೀರು ಹಿತವಾಗಿ ಕಂಡಿತು. ಕುಳಿತುಬಿಟ್ಟಿತು. ನಾನು ಬಾಲ ಬಿಟ್ಟು ಬೆನ್ನೇರಿದೆ.

"ಎಬ್ಬಸೋ ಅದನ್ನ" ಎಂದು ಮಾವ ಆಚೆಯಿಂದ ಕೂಗಿದ.

"ಅದು ನನ್ನ ಮಾತು ಕೇಳವಲ್ದ್ರಿ ಮಾವಾ."

"ತಡಿ, ನಾ ಬಂದು ಹೇಳತೀನಿ" ಎಂದು ಮಾವ ಹಳ್ಳಕ್ಕೆ ಕಾಲಿಟ್ಟ. ಎರೆಮಣ್ಣು ಜಾರಿತು. ಮೊದಲು ತಲೆಯ ರುಮಾಲು ತೇಲಿ ಹೋಯಿತು, ಹಿಂದೆ ಮಾವ. ನನ್ನ ಎಮ್ಮೆಯನ್ನು ದಾಟಿ ಹೋಗುವಾಗ ಕೈ ಎತ್ತಿ, "ಅಂಜಬ್ಯಾಡ, ನಾ ಅದೀನಿ" ಅಂದ.

ದಂಡೆಯಲ್ಲಿ ಅರಿವೆ ಒಗೆಯುತ್ತಿದ್ದ ಅಕ್ಕ ಮೊದಲು ಮಾವನನ್ನು ತಂದಳು, ಆಮೇಲೆ ನನ್ನನ್ನು, ಆಮೇಲೆ ಯಾರೂ ಹೇಳದೆಯೇ ಮತ್ತೊಮ್ಮೆ ಹೋಗಿ ರುಮಾಲು ತಂದಳು. ರುಮಾಲಿಗೆ ಅಷ್ಟು ಹೊತ್ತು ಯಾಕೆ ಬೇಕಾಯಿತೆಂದು ನನಗೊಬ್ಬನಿಗೆ ಗೊತ್ತಿತ್ತು. ಅವಳು ಈಸುತ್ತಿದ್ದಳು.

ಸಂಜೆ ಅಜ್ಜ ಕಾನೂನು ತಿದ್ದಿದ. "ಇನ್ನ ಮ್ಯಾಲ ಹೊಣಿಗೂ ಒಂದು ಹೊಣಿ ತರ್ರಿ."

೩. ಅಕ್ಕನ ಪಾಳಿ

ನಮ್ಮೂರಿನ ದೊಡ್ಡ ಬಾವಿಗೆ ಒಂದು ಕಡೆ ನೀರಿಗಿಳಿಯುವ ಪಾವಟಿಗೆಗಳು, ಎದುರು ಕಡೆ ಎತ್ತರದ ಕಲ್ಲುಕಟ್ಟೆ. ಆ ಕಟ್ಟೆಯಿಂದ ಧುಮುಕಿದವನು ಗಂಡಸು. ನಾನು ಅಲ್ಲಿ ಎಷ್ಟೋ ಸಲ ನಿಂತಿದ್ದೇನೆ. ನಿಂತಿದ್ದೇನೆ ಎಂದಷ್ಟೇ ಹೇಳಿದೆ, ಗಮನಿಸಬೇಕು.

ಆ ಬೇಸಿಗೆಯಲ್ಲಿ ಅಕ್ಕ ಮಗ್ಗದ ಮುಂದೆ ಬಂದು ನಿಂತು, "ಅಜ್ಜಾ, ನಾ ಕಟ್ಟಿ ಮ್ಯಾಲಿಂದ ಹಾರತೀನಿ" ಅಂದಳು. ಅಜ್ಜ ಹೆಣ್ಣು ಗಂಡು ಎಂದು ನೋಡಲಿಲ್ಲ. ಕೇಳಿದ್ದು ಅದೇ ಮಾತು: "ಹೊಣಿ ಯಾರು?"

ಅಕ್ಕ ಊರೆಲ್ಲ ತಿರುಗಿದಳು. ಪಿಂಜಾರ ಕಾಕಾ, "ನಿಮ್ಮವ್ವ ನನ್ನ ಹಾಸಿಗಿಗೆ ಬೆಂಕಿ ಹಚ್ಚತಾಳವಾ" ಅಂದ. ರೋಣದ ಮಾವನಿಗೆ ಹೇಳಿಕಳಿಸಿದರೆ, ಬಾವಿ ಎಂಬ ಮಾತು ಕೇಳಿಯೇ ಅವನಿಗೆ ಚಳಿ ಬಂತಂತೆ. ಅವ್ವ ಮಾತ್ರ ಸ್ಪಷ್ಟವಾಗಿ ಹೇಳಿದಳು: "ಹಾರೂದು ಗೀರೂದು ಇಲ್ಲ. ನರಗುಂದದವರು ನಿನ್ನ ನೋಡಾಕ ಬರಾವ್ರದಾರ. ಕೈಕಾಲು ನೆಟ್ಟಗಿಟ್ಕೊಂಡು ಕುಂದ್ರು."

ಮದುವೆಯಾಗಿ ಹೋದ ಮೇಲೆ ಯಾವ ಸೊಸೆ ಬಾವಿಗೆ ಹಾರುತ್ತಾಳೆ? ಹಾರಿದರೂ ಊರವರು ಬೇರೆಯೇ ಕಾರಣ ಹುಡುಕುತ್ತಾರೆ. ಈಗ ಇಲ್ಲದಿದ್ದರೆ ಎಂದೂ ಇಲ್ಲ ಎಂಬುದು ಅಕ್ಕನಿಗೆ ಗೊತ್ತಿತ್ತು. ಊಟ ಸೇರುತ್ತಿರಲಿಲ್ಲ. ನೀರು ತರಲು ಹೋದವಳು ಕೊಡ ತುಂಬಿದ ಮೇಲೂ ಆ ಕಟ್ಟೆಯನ್ನೇ ನೋಡುತ್ತ ನಿಲ್ಲುತ್ತಿದ್ದಳು.

ನಾನು ಎದೆ ಉಬ್ಬಿಸಿ, "ನಾ ಹೊಣಿ ನಿಲ್ತೀನಿ" ಅಂದೆ.

"ನಿನಗ ಹೊಣಿ ಯಾರು?" ಅಂದಳು. ಆಮೇಲೆ ದನಿ ತಗ್ಗಿಸಿದಳು: "ಒಂದು ಕೆಲಸ ಮಾಡ ತಮ್ಮಾ. ನೀ ಬಾವ್ಯಾಗ ಬೀಳು. ನಾ ತರಾಕ ಬರ್ತೀನಿ."

ಪ್ರೀತಿಯ ಅಕ್ಕ. ಜೀವ ಕೇಳಿದರೂ ಕೊಡುತ್ತಿದ್ದೆ. ಸೊಂಟಕ್ಕೆ ಬೆಂಡು ಕಟ್ಟಿಕೊಂಡು ಹೋಗಿ ಕೊನೆಯ ಪಾವಟಿಗೆಯಿಂದ ಮೆಲ್ಲಗೆ ನೀರಿಗೆ ಜಾರಿ, "ಬಿದ್ನಿ" ಎಂದು ಕೂಗಿದೆ.

ಅಕ್ಕ ಮೇಲಿನಿಂದ ಬಗ್ಗಿ ನೋಡಿದಳು. "ಅಲ್ಲಿ ಬಿದ್ದರ ನಾ ಪಾವಟಿಗಿ ಇಳದು ಬರಬೇಕಾಗತದ. ಎದ್ದು ಬಾ, ನೆಗಡಿ ಆದೀತು."

೪. ನರಗುಂದದವರು ಬಂದರು

ಹುಡುಗ ಬಂದಿರಲಿಲ್ಲ; ಅವನ ಅಪ್ಪ ಮತ್ತು ಆ ಅಪ್ಪನ ಅವ್ವ ಬಂದರು. ಮುದುಕಿಯನ್ನು ಎಲ್ಲರೂ ಆಯಿ ಅನ್ನುತ್ತಿದ್ದರು. ಹಸಿರು ಸೀರೆ, ದೊಡ್ಡ ನತ್ತು, ಬಾಯಲ್ಲಿ ಎಲೆ ಅಡಿಕೆ; ಬಂದಾಗಿನಿಂದ ಒಂದು ಮಾತಿಲ್ಲ. ಮಾತೆಲ್ಲ ಮಗನದೇ. ರೊಟ್ಟಿ ಬಡಿಯಾಕ ಬರತದೇನವಾ, ಸೂಜಿಗೆ ದಾರ ಪೋಣಿಸು, ನಡೆದು ತೋರಿಸು. ಅಕ್ಕ ಎಲ್ಲ ಮಾಡಿದಳು. ಉಪ್ಪಿಟ್ಟು ಮುಗಿಸಿ ಚಹಾದ ಬಟ್ಟಲು ಎತ್ತಿದಾಗ ಅವರು ಉಪಚಾರಕ್ಕೆಂದು, "ಹುಡುಗಿಗೆ ಏನರ ಕೇಳೂದಿದ್ರ ಕೇಳಲಿ" ಅಂದರು. ಇಂಥ ಮಾತಿಗೆ ಹುಡುಗಿಯರು ಹೆಬ್ಬೆರಳಿನಿಂದ ನೆಲ ಗೀರುವುದು ವಾಡಿಕೆ.

ಅಕ್ಕ ತಲೆ ಎತ್ತಿದಳು. "ನನಗ ಒಬ್ಬರು ಹೊಣಿ ಬೇಕಾಗ್ಯಾರ್ರಿ."

ಒಳಗೆ ಅವ್ವನ ಕೈಯಿಂದ ಸೌಟು ಬಿತ್ತು. ಅಜ್ಜ ಮುಚ್ಚಿಡುವ ಮನುಷ್ಯನಲ್ಲ. ಕಾನೂನು, ಬಾವಿ, ಕಟ್ಟೆ ಎಲ್ಲವನ್ನೂ ಬಿಡಿಸಿ ಹೇಳಿದ. ಹುಡುಗನ ಅಪ್ಪ ಬಟ್ಟಲು ಕೆಳಗಿಟ್ಟು ಟೊಪ್ಪಿಗೆ ಹುಡುಕತೊಡಗಿದರು. ಮುಗಿಯಿತು ಎಂದುಕೊಂಡೆವು.

ಆಯಿ ಎಲೆ ಅಡಿಕೆ ಉಗುಳಿ ಬಂದು ಮೊದಲ ಸಲ ಬಾಯಿ ತೆರೆದಳು. "ಬಾವಿ ಎಲ್ಲೈತಿ?"

ಎಲ್ಲರೂ ಹೊರಟೆವು, ಹಿಂದೆ ಅರ್ಧ ಓಣಿ. ಆಯಿ ಕಟ್ಟೆಯ ಮೇಲೆ ನಿಂತು ಬಗ್ಗಿ ನೋಡಿ, "ನಾ ಹೊಣಿ" ಅಂದಳು. ಅಜ್ಜ ತನ್ನ ಜೀವಮಾನದಲ್ಲೇ ಮೊದಲ ಬಾರಿ ಎರಡನೆಯ ಪ್ರಶ್ನೆ ಕೇಳಿದ: "ಬಿದ್ದರ ಎತ್ತಾಕ ನಿಮಗ ಈಸು ಬರತದೇನ್ರಿ?"

ಆಯಿ ನತ್ತು ಬಿಚ್ಚಿ ಮಗನ ಅಂಗೈಯಲ್ಲಿಟ್ಟಳು, ಕಚ್ಚೆ ಬಿಗಿದಳು, ಹಾರಿದಳು.

ಮಗ ನತ್ತನ್ನೇ ನೋಡುತ್ತ, "ಬೀಗರ ಊರಾಗರ ಸುಮ್ಮನಿರ್ತಾಳ ಅಂತ ತಿಳದಿದ್ನಿ" ಅಂದರು.

ಕೆಳಗಿನಿಂದ ದನಿ ಬಂತು. "ಏ ಹುಡುಗಿ, ಹೊಣಿ ಕೆಳಗ ಬಂದೈತಿ. ಲಗೂನ ಬಾ."

ಅಕ್ಕ ಹಾರಿದಳು. ಕಟ್ಟೆ ಬಿಟ್ಟ ಮೇಲೆ, ನೀರು ಮುಟ್ಟುವ ಮೊದಲು, ಅವಳ ಮುಖ ಒಂದು ಗಳಿಗೆ ನನಗೆ ಕಂಡಿತು. ಅಷ್ಟು ಸಂತೋಷದ ಮುಖವನ್ನು ನಾನು ಮತ್ತೆ ಯಾರಲ್ಲೂ ನೋಡಿಲ್ಲ, ಕನ್ನಡಿಯಲ್ಲಿಯೂ ಇಲ್ಲ.

ಪಾವಟಿಗೆಯ ಮೇಲೆ ಕೂತು ಸೆರಗು ಹಿಂಡುತ್ತ ಆಯಿ ಅಜ್ಜನಿಗೆ ಹೇಳಿದಳು: "ಹುಡುಗಿ ಒಪ್ಪಿಗಿ ಐತ್ರಿ. ನಮ್ಮ ಮೊಮ್ಮಗ ಚಲೋ ಹುಡುಗ, ಖರೇ ನೀರು ಕಂಡರ ಅಂಜತಾನ, ಎತ್ತು ಕಂಡರ ಅಂಜತಾನ. ನನ್ನ ಮಗ ಹೋದಲ್ಲೆಲ್ಲಾ ಹುಡುಗಿಗೆ ರೊಟ್ಟಿ ಬರತದೇನಂತ ಕೇಳತಾನ. ರೊಟ್ಟಿ ಮೊಮ್ಮಗಗ ಮಾಡಾಕ ಬರತದ."

೫. ಪಂಚಮಿ

ಅಕ್ಕ ನರಗುಂದಕ್ಕೆ ಹೋದಳು. ನಾನು ಹತ್ತುವುದನ್ನೇ ಬಿಟ್ಟೆ. ಹುಡುಗನಿಗೆ ಬುದ್ಧಿ ಬಂತು ಎಂದು ಓಣಿಯವರು ಹೊಗಳಿದರು. ಬುದ್ಧಿಯಲ್ಲ, ಹತ್ತಿ ಏನು ಮಾಡುವುದು? ಗುಡ್ಡ ಅಲ್ಲೇ ಇತ್ತು, ಬಾವಿ ಅಲ್ಲೇ ಇತ್ತು. ಪಿಂಜಾರ ಕಾಕಾ ತಾನಾಗಿಯೇ ಬಂದು, "ಹಾಸಿಗಿ ತರಲೇನೋ?" ಎಂದು ಕೇಳಿದರೆ ಬ್ಯಾಡ್ರಿ ಅಂದೆ. ನರಗುಂದದ ಮೋಟಾರು ಬರುವ ಹೊತ್ತಿಗೆ ದಾರಿಗೆ ಹೋಗಿ ನಿಂತು, ಇಳಿದವರನ್ನೆಲ್ಲ ನೋಡಿ ಮನೆಗೆ ಬರುತ್ತಿದ್ದೆ.

ಶ್ರಾವಣದಲ್ಲಿ ಪಂಚಮಿಗೆ ಅಕ್ಕ ಬಂದಳು, ಜೊತೆಗೆ ಭಾವ. ಹಿತ್ತಲಿನ ಬೇವಿನ ಗಿಡಕ್ಕೆ ಜೋಕಾಲಿ ಕಟ್ಟಿತ್ತು. ಅಕ್ಕ ಗಂಟು ಇಳಿಸುವುದರೊಳಗೆ ನಾನು ಜೋಕಾಲಿಯ ಕೊಂಬೆಯನ್ನೂ ದಾಟಿ ಮೇಲೇರಿ, "ಅಕ್ಕಾ, ಇಳಿಯಾಕ ಬರವಲ್ದು" ಎಂದು ಕೂಗಿದೆ.

ಅಕ್ಕ ಸೆರಗು ಸಿಕ್ಕಿಸಿ ಬಂದಳು. ಆದರೆ ಹೊಸ ಅಳಿಯನಿಗೆ ಮಾವನ ಮನೆಯವರೆದುರು ಏನಾದರೂ ಮಾಡಿ ತೋರಿಸಬೇಕಲ್ಲ. "ನೀ ತಡಿ, ನಾ ತರ್ತೀನಿ" ಎಂದು ಇಸ್ತ್ರಿಯ ಧೋತರ ಮೇಲೆ ಕಟ್ಟಿ ಭಾವ ಹತ್ತಿದರು. ನನ್ನ ಕೆಳಗಿನ ಕೊಂಬೆಯವರೆಗೆ ಬಂದರು. ಅಲ್ಲಿ ಒಮ್ಮೆ ಕೆಳಗೆ ನೋಡಿದರು. ಆಮೇಲೆ ಗಿಡವನ್ನು ತಬ್ಬಿಕೊಂಡು ಕಣ್ಣು ಮುಚ್ಚಿದರು.

ನನಗೊಬ್ಬನಿಗೇ ಕೇಳುವಂತೆ ಅಂದರು: "ತಮ್ಮಾ, ನಿನಗ ಖರೇನ ಇಳಿಯಾಕ ಬರಂಗಿಲ್ಲೇನು?"

"ಬರತದ್ರಿ."

"ಮತ್ತ ಯಾಕ ಹತ್ತಿದಿ?"

"ಅಕ್ಕ ಬರಲಿ ಅಂತ."

ಭಾವ ಕಣ್ಣು ತೆರೆಯಲಿಲ್ಲ. ಗಿಡವನ್ನು ಇನ್ನಷ್ಟು ಬಿಗಿಯಾಗಿ ಅಪ್ಪಿಕೊಂಡು, "ಈಗ ಬರ್ತಾಳ ತಗೋ" ಅಂದರು. "ನನಗ ಖರೇನ ಬರಂಗಿಲ್ಲ."