ಮೆಲ್ಲಾ ಮಿಕ್ಸಿಯ ಮುಳ್ಳೇರಿಯ ಆಫೀಸು

ಮಿಕ್ಸಿ ಕಂಪೆನಿಗೂ ನನಗೂ ಸಂಬಂಧವಿಲ್ಲ ಎಂದು ವಾರಕ್ಕೊಮ್ಮೆಯಾದರೂ ಯಾರಿಗಾದರೂ ಹೇಳಬೇಕಾಗುತ್ತದೆ. ಅವರು ಪೂರ್ತಿ ಕೇಳಿಸಿಕೊಂಡು, ತಲೆಯಾಡಿಸಿ, "ಆಗಲಿ, ಈಗ ಜಾರ್ ಯಾವಾಗ ಸಿಗ್ತದೆ?" ಎನ್ನುತ್ತಾರೆ.

ಉದ್ಯೋಗ

ಉತ್ತರ ಭಾರತದ ಕಡೆಯ ಒಂದು ಕಂಪೆನಿ 'ಮೆಲ್ಲಾ' ಎಂಬ ಮಿಕ್ಸಿ ತಂದಿತು. ಇಟಲಿಯದ್ದೋ ಏನೋ ಅನ್ನಿಸಲಿ ಎಂದು ಇಟ್ಟ ಹೆಸರಿರಬೇಕು. ನಾನು ಆ ಹೆಸರಿಗೆ 'ಮಿಕ್ಸಿ' ಎಂದು ಬಾಲ ಸೇರಿಸಿ, ಅದೇ ವಿಳಾಸದಲ್ಲಿ ಒಂದು ವೆಬ್‌ಸೈಟ್ ಮಾಡಿದೆ. ಮೆಲ್ಲಾ ಮಿಕ್ಸಿ ಎಂದು ಹುಡುಕಿದವರು ಕಂಪೆನಿಯ ಬಾಗಿಲು ಮುಟ್ಟುವ ಮೊದಲೇ ನನ್ನ ಅಂಗಳಕ್ಕೆ ಬಂದು ಬೀಳುತ್ತಾರೆ. ನಾನು ನಾಲ್ಕು ಒಳ್ಳೆಯ ಮಾತು ಬರೆದು ಲಿಂಕ್ ಕೊಟ್ಟಿದ್ದೇನೆ. ಅದನ್ನು ಒತ್ತಿ ಯಾರಾದರೂ ಕೊಂಡರೆ ಆನ್‌ಲೈನ್ ಅಂಗಡಿಯವರು ನನಗೆ ಕಮಿಷನ್ ಕೊಡುತ್ತಾರೆ. ಬಿ.ಎಡ್. ಮಾಡಿ, ಸರಕಾರಿ ಕೆಲಸಕ್ಕೆಂದು ಪಿ.ಎಸ್.ಸಿ. ಪರೀಕ್ಷೆ ಬರೆದು ಬರೆದು ಕೈಸೋತ ನನಗೆ ಇದೊಂದೇ ಉದ್ಯೋಗ.

ಇಷ್ಟನ್ನೂ ಅತ್ತೆಗೆ ವಿವರಿಸಿದೆ. ಅವರು ಯೋಚಿಸಿ ಹೇಳಿದರು: "ಅಂದ್ರೆ ಬ್ರೋಕರ್. ಮದುವೆ ಬ್ರೋಕರಿಗಾದ್ರೂ ಒಂದು ಕಡೆಯವರ ಪರಿಚಯ ಇರ್ತದೆ. ನಿನಗೆ ಗಂಡಿನವರೂ ಗೊತ್ತಿಲ್ಲ, ಹೆಣ್ಣಿನವರೂ ಗೊತ್ತಿಲ್ಲ."

ಸರ್ವೀಸ್

ವೆಬ್‌ಸೈಟಿನ ಕೊನೆಯಲ್ಲಿ ಮುಳ್ಳೇರಿಯ ಎಂದು ಊರಿನ ಹೆಸರು ಹಾಕಿದ್ದು ನನ್ನ ದಡ್ಡತನ. ಒಂದು ಬೆಳಿಗ್ಗೆ ಆಟೋದಿಂದ ಕೆಟ್ಟುಹೋದ ಮೆಲ್ಲಾ ಮಿಕ್ಸಿ ಹಿಡಿದುಕೊಂಡು ಒಬ್ಬರು ಇಳಿದರು. ಸ್ಟ್ಯಾಂಡಿನಲ್ಲಿ ಮೆಲ್ಲಾ ಆಫೀಸು ಎಲ್ಲಿ ಎಂದು ಕೇಳಿದರಂತೆ, ಆಟೋದವನು ಒಂದು ಪ್ರಶ್ನೆ ಕೇಳದೆ ಕರೆತಂದನಂತೆ. ಇದು ಆಫೀಸಲ್ಲ ಎಂದೆ. ಹೆಸರು ನಿಮ್ಮದಲ್ಲದಿದ್ದರೆ ಹಾಕಿಕೊಂಡದ್ದು ಯಾಕೆ ಎಂದು ಅವರು ಕೇಳಿದರು.

ಪರೀಕ್ಷೆ ಮಾಡಲಿಕ್ಕೆಂದು ಅವರು ಹೆರೆದ ತೆಂಗಿನಕಾಯಿಯನ್ನೂ ತಂದಿದ್ದರು. ಪಾಪ ಕಂಡಿತು. ಒಳಗೆ ಕರೆದು ನಮ್ಮ ಮಿಕ್ಸಿಯಲ್ಲೇ ಅರೆದುಕೊಟ್ಟೆ. ಅವರು ಮಿಕ್ಸಿಯನ್ನು ಬಗ್ಗಿ ನೋಡಿದರು, ನನ್ನ ಮುಖ ನೋಡಿದರು.

"ಇದು ಬೇರೆ ಕಂಪೆನಿಯದ್ದಲ್ವಾ? ಮೆಲ್ಲಾ ಆಗುದಿಲ್ಲಾಂತ ನಿಮಗೆ ಮೊದಲೇ ಗೊತ್ತುಂಟು."

ಮಗು ಮಲಗಿದೆ

ಬೆಳ್ಳೂರಿನಿಂದ ಬಂದ ಫೋನ್ ಇನ್ನೂ ಚೆಂದ. ಬಾಣಂತಿ ಮಗಳ ತಾಯಿ ಮಾತಾಡಿದ್ದು. ಹೆಸರೇ ಮೆಲ್ಲ ಅಲ್ಲವೇ, ಸದ್ದಿಲ್ಲದೆ ಮೆಲ್ಲ ಅರೆಯುತ್ತದೆ, ತೊಟ್ಟಿಲಿನ ಮಗು ಏಳುವುದಿಲ್ಲ ಎಂದು ನಂಬಿ ತರಿಸಿದರಂತೆ. ಸ್ವಿಚ್ ಒತ್ತಿದ್ದೇ ತಡ, ಮಗು ಮಾತ್ರವಲ್ಲ, ಪಕ್ಕದ ಮನೆಯ ನಾಯಿಯೂ ಎದ್ದಿತಂತೆ. ಕಂಪೆನಿಯವರು ಆ ಅರ್ಥದಲ್ಲಿ ಇಟ್ಟದ್ದಲ್ಲ ಎಂದೆ. ಹಾಗಾದರೆ ಯಾವ ಅರ್ಥ ಎಂದರು. ಗೊತ್ತಿಲ್ಲ ಎಂದೆ.

"ನಿಮ್ಮ ಕಂಪೆನಿ, ನಿಮಗೇ ಗೊತ್ತಿಲ್ವಾ ಮಾರಾಯ್ರೆ?"

ನೋಟೀಸು

ನಗು ನಿಂತದ್ದು ನಿಜವಾದ ಕಂಪೆನಿಯಿಂದ ಮೇಲ್ ಬಂದಾಗ. ಮೆಲ್ಲಾ ಎಂಬುದು ತಮ್ಮ ಸೊತ್ತು, ಆ ವಿಳಾಸವನ್ನು ಕೂಡಲೇ ಬಿಟ್ಟುಕೊಡಬೇಕು, ಇಲ್ಲವಾದರೆ ಕೋರ್ಟು. ಹೆಸರು ಹೋದರೆ ವೆಬ್‌ಸೈಟೇ ಹೋಯಿತು, ಮತ್ತೆ ಪಿ.ಎಸ್.ಸಿ. ರ್‍ಯಾಂಕ್ ಲಿಸ್ಟ್ ಕಾಯುವುದೇ ಗತಿ. ಗಂಡನಿಗೆ ತೋರಿಸಿದೆ. ಅವರು ಓದಿ, ಕಂಪೆನಿಯವರು ಇಷ್ಟು ಚುರುಕಾಗಿ ಮಿಕ್ಸಿ ರಿಪೇರಿ ಮಾಡಿದ್ದರೆ ನಮ್ಮ ಮನೆಗೆ ಯಾರೂ ಬರುತ್ತಿರಲಿಲ್ಲ ಎಂದು ಹೇಳಿ ಸ್ನಾನಕ್ಕೆ ಹೋದರು.

ಕಂಪೆನಿಯ ಕಾನೂನು ಅಧಿಕಾರಿಗೆ ನಾನೇ ಫೋನ್ ಮಾಡಿದೆ. ಮೆಲ್ಲ ನಮ್ಮ ಊರಿನ ಮಾತು, ಯಾರಪ್ಪನ ಸೊತ್ತೂ ಅಲ್ಲ ಎಂದು ಶಾಲೆಯಲ್ಲಿ ಕಲಿತ ಹಿಂದಿಯಲ್ಲಿ ವಾದಿಸಿದೆ. ಸಾಕ್ಷಿ ಕೊಡಿ ಎಂದರು. ಕುಂಬಳೆಯ ಬಸ್ಸು ಹತ್ತಿ, ಮೊಬೈಲ್ ಹಿಡಿದು ಕೂತೆ. ನಮ್ಮ ಗಡಿನಾಡಿನ ಕಂಡಕ್ಟರ್ ಒಬ್ಬ ಅಜ್ಜಿಗೆ ಕನ್ನಡದಲ್ಲಿ ಮೆಲ್ಲ ಇಳಿಯಲು ಹೇಳಿದ, ಮೀನಿನ ಬುಟ್ಟಿಯವಳಿಗೆ ತುಳುವಿನಲ್ಲಿ ಹೇಳಿದ, ಒಬ್ಬ ಟೀಚರಿಗೆ ಮಲಯಾಳದಲ್ಲಿ ಹೇಳಿದ. ಮೂರರಲ್ಲೂ ಮೆಲ್ಲ ಇತ್ತು; ಮೂರನ್ನೂ ರೆಕಾರ್ಡ್ ಮಾಡಿ ಕಳಿಸಿದೆ.

ಮರುದಿನ ಅಧಿಕಾರಿಯೇ ಫೋನ್ ಮಾಡಿದರು. ಶಬ್ದ ಇರುವುದು ನಿಜ, ಅದರ ಅರ್ಥವೇನು ಎಂದು ಕೇಳಿದರು.

"ನಿಧಾನ," ಎಂದೆ.

"ಎಷ್ಟು ಭಾಷೆಯಲ್ಲಿ?" ಎಂದು ಅವರು ಕೇಳಿದರು.

"ಸದ್ಯಕ್ಕೆ ನನಗೆ ಗೊತ್ತಿರುವ ಮೂರರಲ್ಲಿ."

ಹೊಸ ಹೆಸರು

ಕೆಲವು ವಾರಗಳ ನಂತರ ಅದೇ ಅಧಿಕಾರಿಯ ಫೋನ್. ಈ ಸಲ ಬೆಣ್ಣೆಯಂತೆ ಮಾತು. ನೋಟೀಸನ್ನು ಹಿಂದಕ್ಕೆ ಪಡೆದಿದ್ದಾರಂತೆ, ಮೆಲ್ಲಾ ನನ್ನಲ್ಲೇ ಇರಲಿ ಅಂತೆ. ಕುಣಿಯಬೇಕೆಂದುಕೊಂಡೆ. ಅಷ್ಟರಲ್ಲಿ ಅವರು, ನಿಧಾನ ಎಂಬ ಅರ್ಥ ಬರುವುದು ಬೇಡವೆಂದು ಕಂಪೆನಿ ಮಿಕ್ಸಿಯ ಹೆಸರನ್ನೇ ಬದಲಿಸುತ್ತಿದೆ ಎಂದರು. ಮುಂದೆ ಮೆಲ್ಲಾ ಎಂದು ಹುಡುಕುವವರು ಯಾರು? ಖಾಲಿ ಹೆಸರು ಇಟ್ಟುಕೊಂಡು ನಾನೇನು ಚಟ್ನಿ ಅರೆಯಲಾ?

ಅವರಿಗೆ ನನ್ನಿಂದ ಒಂದು ಉಪಕಾರ ಬೇಕಿತ್ತಂತೆ. ಹೊಸ ಹೆಸರನ್ನು ಇನ್ನೂ ಹೊರಗೆ ಯಾರಿಗೂ ಹೇಳಿಲ್ಲ, ನಮ್ಮ ಕಡೆಯ ಭಾಷೆಗಳಲ್ಲಿ ಅದಕ್ಕೆ ಕೆಟ್ಟ ಅರ್ಥ ಏನಾದರೂ ಇದೆಯೋ ನೋಡಿ ಹೇಳಬೇಕು ಎಂದು ತಗ್ಗಿದ ಸ್ವರದಲ್ಲಿ ಅಕ್ಷರ ಬಿಡಿಸಿ ಬಿಡಿಸಿ ಹೇಳಿದರು. ಹಿರಿಯರನ್ನು ಕೇಳಿ ಹೇಳುತ್ತೇನೆ, ಲೈನಿನಲ್ಲೇ ಇರಿ ಎಂದೆ.

ಫೋನನ್ನು ಮೇಜಿನ ಮೇಲಿಟ್ಟು, ಕಂಪ್ಯೂಟರಿನಲ್ಲಿ ವೆಬ್‌ಸೈಟ್ ವಿಳಾಸ ಮಾರುವವರ ಪುಟ ತೆರೆದೆ. ಕೆಲಸ ಬೇಗ ಮುಗಿಯಿತು. ಪಾಪ, ಅವರು ಇನ್ನೂ ಕಾಯುತ್ತಿದ್ದರು.

"ತುಂಬಾ ಒಳ್ಳೆಯ ಹೆಸರು ಸಾರ್," ಎಂದೆ. "ಈಗಷ್ಟೇ ನಾನು ತೆಗೆದುಕೊಂಡೆ."